ಬೈಲುಕುಪ್ಪೆಯವರು ಇನ್ನೂ ನಿರಾಶ್ರಿತರೇ?

ಪ್ರಶ್ನೆ: ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್‌ನ ವೈಭವವನ್ನೂ ಸುತ್ತಲಿನ ಅಂಗಡಿ, ಹೋಟೆಲ್‌ಗಳನ್ನೂ ನೋಡಿ ಬಂದೆ. ಅಲ್ಲಿನ ಟಿಬೆಟನ್ನರನ್ನು ಇನ್ನೂ ನಿರಾಶ್ರಿತರೆನ್ನುವುದು ಸರಿಯೇ? ನಮ್ಮವರಿಗೇ ಇಲ್ಲದ ಭೂಮಿಯನ್ನು ಅವರಿಗೆ ಕೊಟ್ಟದ್ದು ನ್ಯಾಯವೇ?
– ಓದುಗರೊಬ್ಬರು, ಹಾಸನ

ಉತ್ತರ: ಡೇರೆಯಲ್ಲಿ ಕುಳಿತವರನ್ನು ಕಂಡು ಮರುಗುವ ನಾವೇ, ಅವರ ಮಕ್ಕಳು ದುಡಿದು ಮನೆ ಕಟ್ಟಿಕೊಂಡಾಗ ಅನುಮಾನಿಸತೊಡಗುತ್ತೇವೆ. ತಾಯ್ನಾಡಿಗೆ ನಿರ್ಭಯವಾಗಿ ಮರಳಲಾಗದವರು ನಿರಾಶ್ರಿತರು. ಕೈಯಲ್ಲಿ ನಾಲ್ಕು ಕಾಸು ಕೂಡಿದ ಮಾತ್ರಕ್ಕೆ ಆ ಸ್ಥಿತಿ ಬದಲಾಗುವುದಿಲ್ಲ.

ನೀವು ನೋಡಿದ ದೇಗುಲವಿರುವುದು ನಾಮ್‌ಡ್ರೋಲಿಂಗ್ ಮಠದಲ್ಲಿ. ಅದರ ಸ್ಥಾಪಕರಾದ ಪೆನೋರ್ ರಿಂಪೋಚೆ ಟಿಬೆಟ್‌ನಿಂದ ಹೊರಟಾಗ ಜೊತೆಗಿದ್ದವರು ಸುಮಾರು 300 ಮಂದಿ, ಭಾರತ ತಲುಪಿದವರು ಸುಮಾರು 30 ಮಂದಿ ಎಂದು ಮಠದ ಇತಿಹಾಸ ಹೇಳುತ್ತದೆ. 1963ರಲ್ಲಿ ಮಠ ಆರಂಭವಾದದ್ದು ಬಿದಿರಿನ ಪುಟ್ಟ ಕಟ್ಟಡದಲ್ಲಿ. ಚಿನ್ನದ ಬಣ್ಣದ ಮೂರ್ತಿಗಳು ಬಂದದ್ದು ದಶಕಗಳ ನಂತರ. ಪ್ರವಾಸಿಗರ ಕಣ್ಣಿಗೆ ಬೀಳುವುದು ಈ ಕೊನೆಯ ಘಟ್ಟ ಮಾತ್ರ. 1959ರಲ್ಲಿ ಟಿಬೆಟನ್ನರ ದಂಗೆಯನ್ನು ಚೀನಾ ಹತ್ತಿಕ್ಕಿದ ನಂತರ ಓಡಿಬಂದು ಅಸ್ಸಾಮಿನ ಮಿಸ್ಸಾಮಾರಿ ಶಿಬಿರದ ಬೇಗೆಯಲ್ಲಿ ಕಾಯಿಲೆ ಬಿದ್ದವರು, ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ಕಲ್ಲು ಒಡೆದವರು, ಆಮೇಲೆ ಬೈಲುಕುಪ್ಪೆಯಲ್ಲಿ ಆನೆಗಳ ಭಯದ ನಡುವೆ ಕಾಡು ಕಡಿದು ಮುಸುಕಿನ ಜೋಳ ಬೆಳೆಯಲು ಕಲಿತವರು ಪ್ರವಾಸಿಗರಿಗೆ ಕಾಣುವುದಿಲ್ಲ.

ಭೂಮಿಯ ವಿಚಾರ. ಅಂದಿನ ಮೈಸೂರು ರಾಜ್ಯ ಮೊದಲ ವಸಾಹತಿಗೆ ಒದಗಿಸಿದ್ದು ಸುಮಾರು 3,000 ಎಕರೆ. ಅದು ಗುತ್ತಿಗೆಯ ನೆಲವೇ ಹೊರತು ಕುಟುಂಬಗಳ ಸ್ವಂತ ಆಸ್ತಿಯಲ್ಲ. ನಮ್ಮ ಭೂಹೀನರ ನೋವು ನಿಜ, ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಅದಕ್ಕೆ ಉತ್ತರಿಸಬೇಕಾದದ್ದು ನಮ್ಮ ಸರ್ಕಾರಗಳು, ಟಿಬೆಟನ್ನರಲ್ಲ.

1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹೀಗಾಗಿ ಕಾನೂನಿನ ದೃಷ್ಟಿಯಲ್ಲಿ ಇವರಲ್ಲಿ ಹೆಚ್ಚಿನವರು ವಿದೇಶಿಯರು. ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತಲೇ ಇಲ್ಲಿ ಬದುಕಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಮುನ್ನ ಭಾರತದಲ್ಲಿ ಹುಟ್ಟಿದವರು ಜನ್ಮತಃ ಭಾರತೀಯರೆಂದು ಕಾನೂನು ಹೇಳಿದರೂ, ಆ ಹಕ್ಕಿಗಾಗಿ ಟಿಬೆಟನ್ನರು ದೆಹಲಿ ಮತ್ತು ಕರ್ನಾಟಕ ಹೈಕೋರ್ಟ್‌ಗಳ ಮೆಟ್ಟಿಲೇರಬೇಕಾಯಿತು.

ಪ್ರಶ್ನೆ: 1959ರಲ್ಲಿ ಬಂದವರ ಸಂಕಟ ಒಪ್ಪೋಣ. ಆಮೇಲೆ ಬಂದವರು ಅನುಕೂಲ ಹುಡುಕಿ ಬಂದವರಲ್ಲವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಅವರಲ್ಲಿ ಅನೇಕರು ದಾಟಿದ್ದು ನೇಪಾಳದ ಗಡಿಯಲ್ಲಿ 5,700 ಮೀಟರ್ ಎತ್ತರದಲ್ಲಿರುವ ನಾಂಗ್ಪಾ ಲಾ ಕಣಿವೆಮಾರ್ಗವನ್ನು. ತಮ್ಮ ಭಾಷೆಯಲ್ಲಿ ಓದಲಿ, ತಮ್ಮ ಧರ್ಮವನ್ನು ಕಲಿಯಲಿ ಎಂದು ಹೆತ್ತವರು ಪುಟ್ಟ ಮಕ್ಕಳನ್ನು ದಾರಿ ತೋರಿಸುವವರ ಕೈಗೊಪ್ಪಿಸಿ ಕಳುಹಿಸುತ್ತಿದ್ದರು. ಮತ್ತೆ ಮುಖ ನೋಡುವ ಭರವಸೆಯಿಲ್ಲದೆ ಮಗುವನ್ನು ಬೀಳ್ಕೊಡುವುದನ್ನು ಅನುಕೂಲವೆನ್ನಲು ನನಗೆ ಮನಸ್ಸು ಬಾರದು. 2006ರ ಸೆಪ್ಟೆಂಬರ್ 30ರಂದು ಅಲ್ಲಿ ಹಿಮದಲ್ಲಿ ಸಾಲಾಗಿ ನಡೆಯುತ್ತಿದ್ದವರ ಮೇಲೆ ಚೀನಾದ ಗಡಿ ಪಡೆ ಗುಂಡು ಹಾರಿಸಿ, 17 ವರ್ಷದ ಭಿಕ್ಷುಣಿಯೊಬ್ಬಳು ಸತ್ತಳು. ಆತ್ಮರಕ್ಷಣೆಗಾಗಿ ಗುಂಡು ಹಾರಿಸಿದೆವೆಂದು ಚೀನಾ ಹೇಳಿತು. ಅದನ್ನು ಸುಳ್ಳಾಗಿಸಿದ್ದು ಸಮೀಪದಲ್ಲಿದ್ದ ಪರ್ವತಾರೋಹಿಗಳು ಚಿತ್ರೀಕರಿಸಿದ ದೃಶ್ಯ. ಕ್ಯಾಮೆರಾ ಇಲ್ಲದ ದಿನಗಳಲ್ಲಿ ದಾಟಿದವರ ಮಾತಿಗೆ ಅಂಥ ಸಾಕ್ಷಿಯಿಲ್ಲ. 2008ರ ನಂತರ ಗಡಿ ಕಾವಲು ಬಿಗಿಯಾಗಿ ಬರುವವರ ಸಂಖ್ಯೆ ತೀರ ಕುಸಿದಿದೆ. ಅದನ್ನು ಟಿಬೆಟ್ ನೆಮ್ಮದಿಯಾಗಿರುವುದರ ಗುರುತೆಂದು ದಯವಿಟ್ಟು ಭಾವಿಸಬೇಡಿ.