ಕಳೆಗೂ ಒಂದು ಪುಟ ಯಾಕೆ?

ಕಳೆದ ಸಂಚಿಕೆಯಲ್ಲಿ ನಗರದ ಹಸಿರು ಮತ್ತು ಕಲೆಯ ಬಗ್ಗೆ ಬರೆದದ್ದನ್ನು ಓದಿ ದಾವಣಗೆರೆಯ ಹಿರಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ: “ನ್ಯೂಯಾರ್ಕಿನಲ್ಲಿ ಗೋಧಿ ಬೆಳೆದ ಕಲಾವಿದೆಯ ವಿಷಯ ಇಷ್ಟವಾಯಿತು. ಆದರೆ ಲಂಡನ್ನಿನವರೊಬ್ಬರು ರಸ್ತೆ ಬದಿಯ ಕಳೆಯ ಚಿತ್ರ ಬಿಡಿಸಿದ್ದಕ್ಕೂ ಒಂದು ಪುಟವೇ? ಕಳೆ ನಮ್ಮ ಕಾಂಪೌಂಡಿನ ಪಕ್ಕ ಬೇಕಾದಷ್ಟಿದೆ, ಬಂದು ಬರೆದುಕೊಂಡು ಹೋಗಲಿ.”

ಸ್ವಾಮಿ, ನಿಮ್ಮ ಕೊನೆಯ ಸಾಲಿಗೆ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಆದರೆ ನಾನು ಕಳೆಯ ಪಕ್ಷ.

ನಿಮಗೆ ಇಷ್ಟವಾದ ಆ ಕಲಾವಿದೆ ಆಗ್ನೆಸ್ ಡೆನೆಸ್ ಅವರ ಗೋಧಿ ಹೊಲ ದೊಡ್ಡ ಕೆಲಸವೇ, ಇಲ್ಲ ಅನ್ನುವುದಿಲ್ಲ. 1982ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಾಟನ್ ತುದಿಯ ತುಂಬುಮಣ್ಣಿನ ನೆಲದಲ್ಲಿ ಎರಡು ಎಕರೆ ಗೋಧಿ. ಅದಕ್ಕೆ 200 ಟ್ರಕ್ ಮಣ್ಣು ಬಂತು. ಕಲ್ಲು, ಕಸ ಆರಿಸಿ ಕೈಯಲ್ಲೇ 285 ಸಾಲು ತೆಗೆದರು. ನೀರಿನ ವ್ಯವಸ್ಥೆ, ಗೊಬ್ಬರ, ರೋಗಕ್ಕೆ ಔಷಧಿ ಎಲ್ಲಾ ಆಯಿತು. ಆಗಸ್ಟಿನಲ್ಲಿ ಕೊಯ್ಲು. ಇನ್ನೊಂದು ಕೆಲಸವನ್ನೂ ಮಾಡಿದರು: ಕಳೆ ಕಿತ್ತರು! ಅಂದರೆ ಆ ನಗರದಲ್ಲಿ ಯಾರೂ ಕೇಳದೆ ತಾನಾಗಿ ಹುಟ್ಟಿದ್ದು ಯಾವುದು? ಗೋಧಿಯಂತೂ ಅಲ್ಲ, ಅಲ್ವಾ?

ನೀವು ಹೇಳಿದ ಲಂಡನ್ನಿನ ಕಲಾವಿದ ಮೈಕೆಲ್ ಲ್ಯಾಂಡಿ ಕಣ್ಣು ಹಾಕಿದ್ದು ಹೀಗೆ ಕಿತ್ತು ಎಸೆಯುವ ಗಿಡಗಳ ಮೇಲೆ. ಅವರ ಹಿಂದಿನ ಕಥೆ ಗೊತ್ತಿದ್ದರೆ ಇದರ ರುಚಿ ಜಾಸ್ತಿ. 2001ರಲ್ಲಿ ಆಕ್ಸ್‌ಫರ್ಡ್ ಸ್ಟ್ರೀಟಿನ ಖಾಲಿ ಅಂಗಡಿಯೊಂದರಲ್ಲಿ ಈ ಮನುಷ್ಯ ತನ್ನದು ಅನ್ನುವುದನ್ನೆಲ್ಲ ಪಟ್ಟಿ ಮಾಡಿ ಪುಡಿ ಮಾಡಿಸಿದರು; ಅದೇ ಅವರ ಕಲಾಕೃತಿ. ಒಟ್ಟು 7,227 ವಸ್ತುಗಳು. ಕಾರು ಹೋಯಿತು, ಅಪ್ಪನ ಕುರಿಚರ್ಮದ ಕೋಟೂ ಹೋಯಿತು. ಮರುವರ್ಷ ಲಂಡನ್ ಬೀದಿಗಳಿಂದ ಕಳೆ ಗಿಡಗಳನ್ನು ತಂದು, ಕುಂಡದಲ್ಲಿಟ್ಟು ಸಾಕಿ, ಎದುರು ಕೂತು ಅವುಗಳ 12 ಎಚಿಂಗ್ ಮಾಡಿದರು. ಗಿಡ ಎಷ್ಟುದ್ದವೋ ಚಿತ್ರವೂ ಅಷ್ಟೇ, ಬೇರಿನ ಎಳೆಗಳ ಸಮೇತ.

ಎಚಿಂಗ್ ಅಂದರೆ ಸುಮ್ನೆ ಪೆನ್ಸಿಲ್ ಆಡಿಸುವುದಲ್ಲ. ಲೋಹದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಲ್ಲಿ ಗೆರೆ ಎಳೆದು, ಆಸಿಡ್‌ಗೆ ಇಳಿಸಬೇಕು. ಗೆರೆ ಬಿದ್ದಲ್ಲಿ ಮಾತ್ರ ಆಸಿಡ್ ಲೋಹವನ್ನು ತಿನ್ನುತ್ತದೆ. ಅಲ್ಲಿ ಶಾಯಿ ತುಂಬಿ ಅಚ್ಚು ತೆಗೆಯುತ್ತಾರೆ. ಕಲ್ಲುಚಪ್ಪಡಿಯ ಸಂದಿಯಲ್ಲಿ ಚಿಟಿಕೆ ಮಣ್ಣು ಹುಡುಕಿಕೊಂಡ ಗಿಡಕ್ಕೆ ಇಷ್ಟು ತಾಳ್ಮೆ ಸಲ್ಲಬೇಕಾದದ್ದೇ.

ನನಗೂ ಒಂದು ತಕರಾರಿದೆ. ಯಾರ ಹಂಗೂ ಇಲ್ಲದೆ ಬದುಕಿದ್ದನ್ನು ಕುಂಡಕ್ಕೆ ತಂದು ನೀರು ಹಾಕಿದರೆ ಅದರ ಗಟ್ಟಿತನ ಚಿತ್ರದಲ್ಲಿ ಉಳಿಯುತ್ತದೆಯೇ? ಹಿನ್ನೆಲೆಯಲ್ಲಿ ಬೀದಿಯಿಲ್ಲ, ಬರೀ ಬಿಳಿ ಕಾಗದ. ಇದರಲ್ಲಿ ನಿಮ್ಮ ಅನುಮಾನಕ್ಕೆ ನನ್ನ ಅರ್ಧ ಓಟು.

ಆದರೆ ಲ್ಯಾಂಡಿ ಗಿಡಗಳ ಹೆಸರನ್ನೇ ಚಿತ್ರಗಳಿಗೆ ಇಟ್ಟರು. ಒಂದು ‘ಶೆಫರ್ಡ್ಸ್ ಪರ್ಸ್’, ಅಂದರೆ ಕುರುಬನ ಚೀಲ. ಅದರ ಪುಟ್ಟ ಕಾಯಿ ಹಾಗೇ ಇರುತ್ತದೆ. ನೀವು ಮಾತ್ರ ಕಾಂಪೌಂಡಿನ ಪಕ್ಕದ್ದನ್ನೆಲ್ಲ ಒಟ್ಟಿಗೆ ‘ಕಳೆ’ ಅಂದುಬಿಟ್ಟಿರಿ. ಅಲ್ಲಿರುವುದು ಗರಿಕೆಯೋ, ಉತ್ತರಾಣಿಯೋ, ನೆಲನೆಲ್ಲಿಯೋ? ಗಣಿಕೆ ಸೊಪ್ಪೇನಾದರೂ ಇದ್ದರೆ ದಯವಿಟ್ಟು ಕೀಳಿಸಬೇಡಿ. ಮುಂದಿನ ಪತ್ರದಲ್ಲಿ ತಿಳಿಸಿ.

— ಸಂಪಾದಕ