ಶಾಲು ಹೊದಿಸಿದರೆ ಮುಗಿಯಿತೆ?

ಪ್ರಶ್ನೆ: ನಮ್ಮದು ಕಾಲೇಜು ಅಧ್ಯಾಪಕರ ವಿಷಯವಾರು ಸಂಘ. 1960ರ ಸಂಘಗಳ ಕಾಯ್ದೆಯಡಿ ನೋಂದಣಿಯಾಗಿದೆ. ವರ್ಷಕ್ಕೊಂದು ಸಮ್ಮೇಳನ, ಪತ್ರಿಕೆಯ ಎರಡು ಸಂಚಿಕೆ. ಕಾರ್ಯದರ್ಶಿ, ಖಜಾಂಚಿ, ಸಂಪಾದಕರು ಎಲ್ಲರೂ ಬಿಟ್ಟಿ ದುಡಿಯುವವರೇ. ಪ್ರತಿ ಸಲ ಶಾಲು, ಹಾರ, ನೆನಪಿನ ಕಾಣಿಕೆ ಕೊಡುತ್ತೇವೆ. ಈ ಬಾರಿ ಕೆಲವರು ‘ಅದರ ಬದಲು ಗೌರವಧನ ಕೊಡಿ’ ಎನ್ನುತ್ತಿದ್ದಾರೆ. ಕೊಡಬಹುದೇ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಬೈಲಾ ತೆಗೆದು ನೋಡಿ. ಪದಾಧಿಕಾರಿಗಳು ಸಂಭಾವನೆ ಪಡೆಯತಕ್ಕದ್ದಲ್ಲ ಎಂಬ ಸಾಲು ಬಹಳಷ್ಟು ಸಂಘಗಳ ಬೈಲಾದಲ್ಲಿ ಇರುತ್ತದೆ. ಇದ್ದರೆ ಬೈಲಾ ತಿದ್ದದೆ ಕೊಡುವಂತಿಲ್ಲ. ಇಲ್ಲದಿದ್ದರೂ ಸರ್ವಸದಸ್ಯರ ಸಭೆಯ ಠರಾವು ಬೇಕು. ಆದಾಯ ತೆರಿಗೆ ವಿನಾಯಿತಿ ಪಡೆದ ಸಂಘವಾದರೆ ಆಡಿಟರನ್ನು ಕೇಳದೆ ಮುಂದುವರಿಯಬೇಡಿ. ಸಂಘ ನಡೆಸುವವರೇ ಅದರಿಂದ ಹಣ ಪಡೆದಾಗ ಇಲಾಖೆ ತಕರಾರು ತೆಗೆಯುವುದುಂಟು.

ನಮ್ಮ ಅಭಿಪ್ರಾಯ ಕೇಳಿದರೆ, ಗೌರವಧನಕ್ಕಿಂತ ಮುಂಚೆ ಕೈಖರ್ಚಿನ ಬಾಕಿ ತೀರಿಸಿ. ಕೊರಿಯರ್, ಪ್ರಿಂಟ್, ಪೆಟ್ರೋಲ್, ಅತಿಥಿಗಳನ್ನು ಸ್ಟ್ಯಾಂಡಿನಿಂದ ಕರೆತಂದ ಆಟೊ – ಇವೆಲ್ಲ ಸ್ವಂತ ಜೇಬಿನಿಂದ ಹೋಗಿರುತ್ತವೆ. ಕೇಳಲು ಸಂಕೋಚ, ಬಿಲ್ಲುಗಳನ್ನು ಡ್ರಾಯರಿನಲ್ಲಿ ಇಟ್ಟುಕೊಳ್ಳುತ್ತಾರೆ, ಮಾರ್ಚ್ 31 ದಾಟುತ್ತದೆ. ಆಮೇಲೆ ತಂದರೆ ಖಜಾಂಚಿ ‘ಹೋದ ವರ್ಷದ ಲೆಕ್ಕ ಮುಗಿಯಿತಲ್ಲ ಸರ್’ ಎನ್ನುತ್ತಾರೆ. ಮುಂದಿನ ವರ್ಷ ಆ ಮನುಷ್ಯ ಫೋನ್ ಎತ್ತುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಇದಕ್ಕೆ ಬಜೆಟ್ಟಿನಲ್ಲೇ ‘ಕಾರ್ಯಕರ್ತರ ಕೈಖರ್ಚು’ ಎಂಬ ಬಾಬ್ತು ಇಡಿ. ಒಂದು ಪುಟದ ಫಾರಂ ಸಾಕು: ದಿನಾಂಕ, ಕೆಲಸ, ಮೊತ್ತ, ಲಗತ್ತಿಸಿದ ಬಿಲ್. ಆಟೊದಂಥ ಬಿಲ್ಲಿಲ್ಲದ ಖರ್ಚಿಗೆ ಖರ್ಚು ಮಾಡಿದವರ ಸಹಿ ಇರುವ ವೋಚರ್ ಇರಲಿ, ಅದಕ್ಕೊಂದು ಮಿತಿಯನ್ನು ಸಮಿತಿ ಮೊದಲೇ ಗೊತ್ತುಮಾಡಲಿ. ಬಿಲ್ ಬಂದ 15 ದಿನದೊಳಗೆ ಬ್ಯಾಂಕ್ ಖಾತೆಗೆ ಹಾಕಿಬಿಡಿ. ನಗದಾಗಿ 5,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ರಶೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ ಸಹಿ ಹಾಕಿಸಿ.

ಇನ್ನು ವಂದನಾರ್ಪಣೆ. ಅದು ಕೊನೆಯ ಬಾಬು, ಆ ಹೊತ್ತಿಗೆ ಅರ್ಧ ಸಭೆ ಊಟದ ಹಾಲಿನಲ್ಲಿರುತ್ತದೆ. ವೇದಿಕೆಯ ಪಕ್ಕದಲ್ಲೇ ಗೀಚಿದ ಚೀಟಿ ಹಿಡಿದವರು ಉದ್ಘಾಟಕರಿಂದ ಪ್ರಾಂಶುಪಾಲರವರೆಗೆ ಎಲ್ಲರನ್ನೂ ನೆನೆದು, ಪ್ರಬಂಧಗಳನ್ನು ತಿದ್ದಿ ಜೋಡಿಸಿದವರನ್ನು ‘ಹಾಗೂ ಪ್ರತ್ಯಕ್ಷವಾಗಿ, ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ’ ಎಂಬಲ್ಲಿ ಮುಗಿಸುತ್ತಾರೆ. ಮೂರು ದಿನ ಮೊದಲೇ ಪ್ರತಿ ಉಪಸಮಿತಿಯಿಂದ ಹೆಸರು ಮತ್ತು ಮಾಡಿದ ಕೆಲಸದ ಪಟ್ಟಿ ತರಿಸಿ, ಊಟಕ್ಕೆ ಬಿಡುವ ಮುನ್ನವೇ ಓದಿ. ಶಾಮಿಯಾನ, ಅಡುಗೆಯವರು ಹಣ ಪಡೆದು ಮಾಡಿದವರು. ಅವರಿಗೂ ವಂದನೆ ಸಲ್ಲಲಿ, ಪಟ್ಟಿ ಬೇರೆ ಇರಲಿ.

ಕೆಲಸವನ್ನು ಬಿಡಿಸಿ ಹೇಳುವುದೂ ಮುಖ್ಯ. ‘ಸಂಪಾದಕೀಯ ಸಹಾಯ’ ಎಂದರೆ ಯಾರಿಗೂ ಏನೂ ತಿಳಿಯದು. ಲೇಖಕರು ಹಳೆಯ ನುಡಿ ಫಾಂಟಿನಲ್ಲಿ ಕಳಿಸಿದ್ದನ್ನು ಯುನಿಕೋಡಿಗೆ ತರುವಾಗ ಒತ್ತಕ್ಷರ ಕಳಚುತ್ತದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ನಡುವೆ ಇದ್ದ ಇಂಗ್ಲಿಷ್ ಹೆಸರುಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿಬಿಡುತ್ತವೆ. ಯಂತ್ರ ಮಾಡಿದ ಈ ಎಡವಟ್ಟನ್ನು ಮೂಲ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಯಾರೋ ಸರಿಪಡಿಸಿರುತ್ತಾರೆ. ‘ಯುನಿಕೋಡ್ ಪರಿವರ್ತನೆ ಮತ್ತು ಕರಡು ತಿದ್ದುವಿಕೆ’ ಎಂದು ಅವರ ಹೆಸರಿನೊಂದಿಗೆ ಸಂಚಿಕೆಯಲ್ಲಿ ಅಚ್ಚು ಹಾಕಿ. ಖಜಾಂಚಿಯ ವಿಷಯವೂ ಇದೇ. ಸರ್ವಸದಸ್ಯರ ಸಭೆಯಾದ 14 ದಿನದೊಳಗೆ ಆಡಿಟ್ ಆದ ಲೆಕ್ಕಪತ್ರ ಮತ್ತು ಆಡಳಿತ ಮಂಡಳಿಯ ಪಟ್ಟಿ ನೋಂದಣಾಧಿಕಾರಿಗೆ ಸೇರಬೇಕು. ಅದು ಸೇರಿದೆ ಎಂದಾದರೆ ವರದಿಯಲ್ಲಿ ಅವರ ಹೆಸರಿನಲ್ಲೇ ದಾಖಲಿಸಿ.

ಪ್ರಶ್ನೆ: ನಮ್ಮ ಪತ್ರಿಕೆಗೆ ಪರಿಶೀಲಕರ, ಅಂದರೆ ಪ್ರಕಟಣೆಗೆ ಮುನ್ನ ಲೇಖನ ಓದಿ ಅಭಿಪ್ರಾಯ ಕೊಡುವವರ, ಹೆಸರನ್ನು ಗುಟ್ಟಾಗಿಡುವ ನಿಯಮವಿದೆ. ಹೆಸರು ಹೇಳದೆ ಅವರಿಗೆ ವಂದಿಸುವುದು ಹೇಗೆ?
– ಓದುಗರು, ಧಾರವಾಡ

ಉತ್ತರ: ಗುಟ್ಟಾಗಿರಬೇಕಾದದ್ದು ಯಾವ ಲೇಖನವನ್ನು ಯಾರು ನೋಡಿದರು ಎಂಬುದಷ್ಟೆ. ವರ್ಷದ ಕೊನೆಯ ಸಂಚಿಕೆಯಲ್ಲಿ ಎಲ್ಲರ ಹೆಸರನ್ನೂ ಅಕಾರಾದಿಯಾಗಿ, ಅವರ ಒಪ್ಪಿಗೆ ಪಡೆದು, ಪ್ರಕಟಿಸಬಹುದು. ವರ್ಷಕ್ಕೆ ಐದಾರು ಪರಿಶೀಲಕರಷ್ಟೇ ಇರುವ ಸಣ್ಣ ವಿಷಯವಾದರೆ ಲೇಖಕರು ಸುಲಭವಾಗಿ ಊಹಿಸಿಬಿಡುತ್ತಾರೆ. ಆಗ ಎರಡು ವರ್ಷದ ಪಟ್ಟಿಯನ್ನು ಒಟ್ಟಿಗೆ ಹಾಕಿ. ಜತೆಗೆ ಲೆಟರ್‌ಹೆಡ್‌ನಲ್ಲಿ ಪತ್ರ ಕೊಡಿ: ಅವಧಿ, ನೋಡಿದ ಲೇಖನಗಳ ಸಂಖ್ಯೆ, ಸಂಪಾದಕರ ಸಹಿ. ಶೀರ್ಷಿಕೆ ಬೇಡ. ಸಂಶೋಧಕರ ಗುರುತಿನ ಸಂಖ್ಯೆಯಾದ 16 ಅಂಕಿಯ ಆರ್ಕಿಡ್ (ORCID) ಐಡಿಯಲ್ಲಿ ಪರಿಶೀಲನೆಯನ್ನು ತಾವೇ ಸೇರಿಸಿಕೊಳ್ಳಲು ಬರುವುದಿಲ್ಲ, ಆ ವ್ಯವಸ್ಥೆಗೆ ಜೋಡಣೆಯಾದ ಸಂಸ್ಥೆಯೇ ಸೇರಿಸಬೇಕು. ಹಾಗಾಗಿ ಸಣ್ಣ ಪತ್ರಿಕೆಗಳಲ್ಲಿ ದುಡಿದವರಿಗೆ ಈ ಪತ್ರವೇ ಆಧಾರ.

ಈ ಶ್ರಮದ ಬೆಲೆ ತಿಳಿಯಲು ಬೆಂಗಳೂರಿನದೇ ಉದಾಹರಣೆಯಿದೆ. 1907ರಲ್ಲಿ ವಿ. ರಾಮಸ್ವಾಮಿ ಅಯ್ಯರ್ ಹುಟ್ಟುಹಾಕಿದ ಭಾರತೀಯ ಗಣಿತ ಸಂಘದ ಪತ್ರಿಕೆಗೆ ಸೆಂಟ್ರಲ್ ಕಾಲೇಜಿನ ಎಂ.ಟಿ. ನಾರಾಯಣ ಅಯ್ಯಂಗಾರ್ ಸಂಪಾದಕರು. ರಾಮಾನುಜನ್ ಬರ್ನೂಲಿ ಸಂಖ್ಯೆಗಳ ಮೇಲೆ ಬರೆದ ಮೊದಲ ಲೇಖನ ಸಾಮಾನ್ಯ ಓದುಗನಿಗೆ ಅರ್ಥವಾಗದಷ್ಟು ಅಡಕವಾಗಿತ್ತು. ಅಯ್ಯಂಗಾರ್ ಅದನ್ನು ಮೂರು ಸಲ ತಿದ್ದಲು ಹಿಂದಿರುಗಿಸಿ, 1911ರಲ್ಲಿ ಅಚ್ಚು ಹಾಕಿದರು. ‘ಸ್ಪಷ್ಟತೆ ಸಾಲದು’ ಎಂದು ಒಂದೇ ಸಾಲು ಬರೆದು ತಿರಸ್ಕರಿಸುವುದು ಇನ್ನೂ ಸುಲಭವಿತ್ತು.

ಪ್ರಶ್ನೆ: ಸಂಘದ ಪ್ರಮಾಣಪತ್ರ ಬಡ್ತಿಗೆ ಉಪಯೋಗಕ್ಕೆ ಬರುತ್ತದೆಯೇ?
– ಓದುಗರು, ಮಂಗಳೂರು

ಉತ್ತರ: ಸ್ವಲ್ಪ ಮಟ್ಟಿಗೆ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮಾವಳಿಯಲ್ಲಿ ಅಧ್ಯಾಪಕರ ಮೌಲ್ಯಮಾಪನಕ್ಕೆ ಪರಿಗಣಿಸುವ ಚಟುವಟಿಕೆಗಳಲ್ಲಿ ವಿಚಾರ ಸಂಕಿರಣ, ಸಮ್ಮೇಳನ, ಕಾರ್ಯಾಗಾರ ಸಂಘಟಿಸುವುದೂ ಸೇರಿದೆ. ಆದರೆ ‘ಸಕ್ರಿಯವಾಗಿ ಭಾಗವಹಿಸಿದ್ದಾರೆ’ ಎಂಬ ಒಕ್ಕಣೆಯ ಪ್ರಮಾಣಪತ್ರ ಕೇಳುಗರದ್ದೋ ಸಂಘಟಕರದ್ದೋ ತಿಳಿಯದೆ ಪರಿಶೀಲನಾ ಸಮಿತಿ ಪಕ್ಕಕ್ಕಿಡುತ್ತದೆ. ‘ಸಂಘಟನಾ ಕಾರ್ಯದರ್ಶಿಯಾಗಿ’ ಎಂದು ಹೊಣೆಯನ್ನೂ, ದಿನಾಂಕವನ್ನೂ, ನಡೆದ ಸ್ಥಳವನ್ನೂ ನಮೂದಿಸಿ. ಓಓಡಿಗೆ (ಅನ್ಯ ಕಾರ್ಯ ನಿಮಿತ್ತ ರಜೆ) ಬೇಕಾದ ಹಾಜರಿ ಪತ್ರ ಬೇರೆ, ಇದು ಬೇರೆ; ಎರಡನ್ನೂ ಸಮ್ಮೇಳನದ ದಿನವೇ ಕೈಗೆ ಕೊಡಿ.