‘ಏನೂ ಬೇಡ’ ಅನ್ನುವ ಹೆಂಡತಿಗೆ ನಲವತ್ತರ ಊಟ

ಪ್ರಶ್ನೆ: ನಾನು ಶಿವಮೊಗ್ಗದ ವಿನೋಬನಗರದವನು, ವಯಸ್ಸು 44. ಜುಲೈ ಕೊನೆಯ ಭಾನುವಾರ ಹೆಂಡತಿಗೆ 40 ತುಂಬುತ್ತದೆ. ಎರಡು ವರ್ಷದ ಹಿಂದೆ ಅವಳ ಹುಟ್ಟುಹಬ್ಬಕ್ಕೆ ಮೊದಲೇ ಹೇಳದೆ ಒಂದು ರೂಫ್‌ಟಾಪ್ ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ಸಿಬ್ಬಂದಿ ಜೋರಾಗಿ ಹಾಡು ಹಾಕಿ ಕೇಕ್ ತಂದರು, ಅಕ್ಕಪಕ್ಕದವರೆಲ್ಲ ಚಪ್ಪಾಳೆ ತಟ್ಟಿದರು. ವಾಪಸ್ ಬರುವಾಗ ಅವಳು ಮಾತೇ ಆಡಲಿಲ್ಲ. ಈ ಸಲ ಕೇಳಿದರೆ ‘ಏನೂ ಬೇಡ, ಮನೇಲೇ ಇರೋಣ’ ಅನ್ನುತ್ತಾಳೆ. ಸ್ನೇಹಿತರು ಆಗುಂಬೆ ಸೂರ್ಯಾಸ್ತ, ತೀರ್ಥಹಳ್ಳಿ ಕಡೆಯ ಹೋಂಸ್ಟೇ, ಊರಲ್ಲೇ ರೂಫ್‌ಟಾಪ್ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವಳು ಸಸ್ಯಾಹಾರಿ, ನಾನು ಎರಡೂ ತಿನ್ನುತ್ತೇನೆ. ಮನೆಯಲ್ಲಿ ಅಮ್ಮ, ಒಂಬತ್ತು ವರ್ಷದ ಮಗಳು ಇದ್ದಾರೆ. ‘ಎಲ್ಲರೂ ಹೋಗೋಣ’ ಅಂತ ಅಮ್ಮ ಆಗಲೇ ಹೇಳಿಬಿಟ್ಟಿದ್ದಾರೆ. ನಾಲ್ಕು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಅವಳಿಗೆ ನಿಜಕ್ಕೂ ಖುಷಿಯಾಗುವ ಜಾಗ ಯಾವುದು?
— ಒಬ್ಬ ಓದುಗ, ಶಿವಮೊಗ್ಗ

ಉತ್ತರ: ನಿಮ್ಮ ಪತ್ರದಲ್ಲಿ ಹೋಟೆಲಿನ ಪ್ರಶ್ನೆಗಿಂತ ಮುಖ್ಯವಾದದ್ದು ಆ ‘ಏನೂ ಬೇಡ’. ಅದನ್ನು ಪೂರ್ತಿ ನಂಬಲೂಬೇಡಿ, ತಳ್ಳಿಹಾಕಲೂಬೇಡಿ. ಹಿಂದಿನ ಸಲ ಎಲ್ಲರ ಕಣ್ಣು ತನ್ನ ಮೇಲೆ ಬಿದ್ದದ್ದು ಅವರಿಗೆ ಹಿಂಸೆಯಾಗಿದೆ. ಅದರ ನಂತರ ಬರುವ ‘ಬೇಡ’ ಬಹುಪಾಲು ‘ಮತ್ತೆ ಹಾಗೆ ಮಾಡಬೇಡಿ’ ಅಂತಲೇ ಇರುತ್ತದೆ. ‘ಏನು ಮಾಡೋಣ?’ ಅಂತ ಅಗಲವಾಗಿ ಕೇಳಿದರೆ ಉತ್ತರ ಮತ್ತೆ ‘ಬೇಡ’ವೇ. ಸಣ್ಣದಾಗಿ ಕೇಳಿ: ‘ಹೊರಗೆ ಹೋಗೋದೇ ಬೇಡವೋ, ಜನರ ಮುಂದೆ ಕೇಕ್ ಬೇಡವೋ? ನಾವಿಬ್ಬರೇ ಒಂದು ಸಂಜೆ ಸುಮ್ಮನೆ ಕೂತು ಊಟ ಮಾಡಿ ಬರೋಣ. ಹಾಡಿಲ್ಲ, ಫೋಟೋ ಇಲ್ಲ.’ ಆಗಲೂ ಬೇಡ ಅಂದರೆ ಅದು ನಿಜವಾದ ಬೇಡ, ಅಲ್ಲಿಗೆ ಬಿಡಿ. ಒಪ್ಪಿದರೆ ಮುಂದಿನದನ್ನು ಓದಿ.

ಭಾನುವಾರ ಬಿಟ್ಟುಬಿಡಿ. ಭಾನುವಾರ ರಾತ್ರಿ ಎಂಟೂವರೆಗೆ ಗಿಜಿಗುಡುವ ಹೋಟೆಲೇ ಮಂಗಳವಾರ ಸಂಜೆ ಏಳಕ್ಕೆ ಅರ್ಧಕ್ಕರ್ಧ ಖಾಲಿ ಇರುತ್ತದೆ. ಅದೇ ಅಡುಗೆ, ಅದೇ ಬೆಲೆ, ಆದರೆ ಬೇರೆಯದೇ ಜಾಗ. ಅದಕ್ಕೇ ಇಲ್ಲಿ ಹೋಟೆಲಿನ ಹೆಸರು ಕೊಡುತ್ತಿಲ್ಲ. ಒಳ್ಳೆಯ ಹೆಸರಿನ ಹೋಟೆಲಿನಲ್ಲೂ ತಪ್ಪು ಗಂಟೆಗೆ, ತಪ್ಪು ಕುರ್ಚಿಯಲ್ಲಿ ಕೂತರೆ ಸಂಜೆ ಹಾಳು. ಇನ್ನೊಂದು ಅನುಕೂಲವೂ ನಿಮ್ಮ ಪಾಲಿಗಿದೆ. ಆಷಾಢದಲ್ಲಿ ಮದುವೆ, ಆರತಕ್ಷತೆಗಳಿಲ್ಲ. ಪಾರ್ಟಿ ಹಾಲ್ ಇರುವ ಹೋಟೆಲುಗಳಲ್ಲಿ ಮೇ ತಿಂಗಳ ಗದ್ದಲ ಈಗ ಇರುವುದಿಲ್ಲ, ಅಡುಗೆಮನೆಗೂ ಪುರುಸೊತ್ತು. ಆದರೂ ಟೇಬಲ್ ಕಾದಿರಿಸುವಾಗ ‘ಅವತ್ತು ಹಾಲ್ ಬುಕ್ ಆಗಿದೆಯಾ?’ ಅಂತ ಕೇಳಿ. ಐವತ್ತು ಜನರ ಬರ್ತ್‌ಡೇ ಪಾರ್ಟಿ ಒಂದಿದ್ದರೂ ನಿಮ್ಮ ಎರಡು ರೊಟ್ಟಿ ಮುಕ್ಕಾಲು ಗಂಟೆ ತಡ.

ಸ್ನೇಹಿತರ ಸಲಹೆಗಳಲ್ಲಿ ಆಗುಂಬೆಯನ್ನು ಮೊದಲು ತೆಗೆದುಹಾಕಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಅದು, ಅದರಲ್ಲಿ ಜುಲೈ ತಿಂಗಳದ್ದೇ ದೊಡ್ಡ ಪಾಲು. ಸೂರ್ಯಾಸ್ತದ ಕಟ್ಟೆಯ ಮೇಲೆ ನಿಂತರೆ ಕಾಣುವುದು ಬಿಳಿ ಮಂಜು ಮಾತ್ರ. ಆಮೇಲೆ ಕತ್ತಲಲ್ಲಿ 90 ಕಿಲೋಮೀಟರಿನಷ್ಟು ವಾಪಸ್ ಪ್ರಯಾಣ. ಆ ದಾರಿಯಲ್ಲಿ ನಿಮ್ಮ ಗಮನವೆಲ್ಲ ವೈಪರಿನ ಮೇಲೆ, ಅವರ ಗಮನವೆಲ್ಲ ನಿಮ್ಮ ಬ್ರೇಕಿನ ಮೇಲೆ. ಅದನ್ನು ಡಿಸೆಂಬರ್, ಜನವರಿಗೆ ಇಟ್ಟುಕೊಳ್ಳಿ.

ರೂಫ್‌ಟಾಪ್ ಕೂಡ ಈ ತಿಂಗಳಿಗೆ ಆಗಿಬರುವುದಿಲ್ಲ. ತಗಡಿನ ಮಾಡಿದ್ದರೆ ಮಳೆಯ ಸದ್ದಿಗೆ ಎದುರು ಕೂತವರ ಮಾತು ಕೇಳಿಸುವುದಿಲ್ಲ. ಪಕ್ಕ ತೆರೆದಿದ್ದರೆ ಎರಚಲು. ಪ್ಲಾಸ್ಟಿಕ್ ಪರದೆ ಇಳಿಬಿಟ್ಟರೆ ಸೆಕೆ, ಜೊತೆಗೆ ಪರದೆ ಪಟಪಟ ಬಡಿಯುವ ಸದ್ದು. ದೀಪಕ್ಕೆ ಮುತ್ತುವ ಹುಳ ಸಾರಿನೊಳಕ್ಕೇ ಬೀಳುತ್ತದೆ.

ಇನ್ನು ಹೊಳೆ ಕಾಣುವ ಕಿಟಕಿ. ಮಳೆಗಾಲದ ತುಂಗೆ ಕೆಂಪಗೆ ತುಂಬಿ ಹರಿಯುವುದನ್ನು ನೋಡುವುದು ನಿಜಕ್ಕೂ ಚಂದ. ಆದರೆ ಜುಲೈ ಕೊನೆಗೆ ಇಲ್ಲಿ ಹೊತ್ತು ಮುಳುಗುವುದು ಏಳರ ಆಸುಪಾಸು, ಮೋಡವಿದ್ದರೆ ಅದಕ್ಕೂ ಮೊದಲೇ ಕತ್ತಲು. ಹೊರಗೆ ಕತ್ತಲಾಗಿ ಒಳಗೆ ದೀಪ ಹೊತ್ತಿದ ಕೂಡಲೇ ಗಾಜು ಕನ್ನಡಿಯಾಗುತ್ತದೆ. ಹೊಳೆ ಮಾಯ, ಕಾಣುವುದು ಹಿಂದಿನ ಟೇಬಲಿನವರ ಬೆನ್ನು. ನೋಟಕ್ಕೆಂದು ಹೆಚ್ಚು ದುಡ್ಡು ಕೊಡುವುದಾದರೆ ಸಂಜೆ ಆರಕ್ಕೇ ಕುರ್ಚಿಯಲ್ಲಿರಬೇಕು. ಎಂಟಕ್ಕೆ ಹೋಗುವವರಿಗೆ ಕಿಟಕಿಯೂ ಒಂದೇ, ಗೋಡೆಯೂ ಒಂದೇ.

ಆದ್ದರಿಂದ ನನ್ನ ಸಲಹೆ ಇಷ್ಟು: ಊರಿನೊಳಗೇ ಇರಿ, ನೆಲಮಹಡಿಯ ಅಥವಾ ಒಂದನೇ ಮಹಡಿಯ ಮುಚ್ಚಿದ ಹಾಲ್ ಆರಿಸಿ, ಮಂಗಳವಾರ ಅಥವಾ ಬುಧವಾರ ಸಂಜೆ ಏಳಕ್ಕೆ ಕೂತುಕೊಳ್ಳಿ. ನೆಹರು ರಸ್ತೆ, ದುರ್ಗಿಗುಡಿ ಕಡೆ ಕಾರು ನಿಲ್ಲಿಸುವುದೇ ಒಂದು ಕೆಲಸ. ಸೀರೆಯ ಅಂಚು ಎತ್ತಿ ಹಿಡಿದುಕೊಂಡು ಮಳೆಯಲ್ಲಿ ನಡೆಯುವಂತಾದರೆ ಸಂಜೆ ಅಲ್ಲೇ ಅರ್ಧ ಮುಗಿದ ಹಾಗೆ. ಬಾಗಿಲವರೆಗೆ ಕಾರು ಹೋಗುವ ಜಾಗ ನೋಡಿ. ಸವಳಂಗ ರಸ್ತೆ, ಸಾಗರ ರಸ್ತೆಯ ಕಡೆ ಹುಡುಕಿದರೆ ಇದು ಸುಲಭ.

ಎರಡು ಮೂರು ಜಾಗ ಗುರುತು ಹಾಕಿಕೊಂಡು ಹಿಂದಿನ ವಾರ ಅದೇ ವಾರದ ದಿನ, ಅದೇ ಏಳು ಗಂಟೆಗೆ ಒಬ್ಬರೇ ಹೋಗಿ. ಒಂದು ಸೂಪ್ ಹೇಳಿ ಹದಿನೈದು ನಿಮಿಷ ಕೂತರೆ ತಿಳಿಯಬೇಕಾದ್ದೆಲ್ಲ ತಿಳಿಯುತ್ತದೆ. ಮೊದಲು ಸದ್ದು. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಇರುತ್ತದೆ. ಲೆಕ್ಕ ಅಷ್ಟು ಕರಾರುವಾಕ್ಕಲ್ಲ, ಹೋಲಿಸಿ ನೋಡಲು ಸಾಕು. ಇಬ್ಬರು ಹತ್ತಿರ ಕೂತು ಆಡುವ ಸಾಮಾನ್ಯ ಮಾತು 60 ಡೆಸಿಬಲ್ ಆಸುಪಾಸು. ಹಾಲ್ ತಾನೇ 70 ದಾಟಿದ್ದರೆ ನೀವು ದನಿ ಎತ್ತಲೇಬೇಕು. ನಿಮ್ಮ ದನಿ ಕೇಳಿ ಪಕ್ಕದವರು ಇನ್ನಷ್ಟು ಎತ್ತುತ್ತಾರೆ, ಹೀಗೆ ಅದು ಏರುತ್ತಲೇ ಹೋಗುತ್ತದೆ. ಗ್ರಾನೈಟ್ ನೆಲ, ಗಾಜಿನ ಗೋಡೆ, ಬೋಳು ಸೀಲಿಂಗ್ ಇರುವ ಹೊಸ ಹೋಟೆಲುಗಳಲ್ಲಿ ಸದ್ದು ತಿರುಗಿ ತಿರುಗಿ ಬಡಿಯುತ್ತದೆ. ದಪ್ಪ ಪರದೆ, ಮೆತ್ತನೆಯ ಸೋಫಾ, ಮರದ ಹಲಗೆ ಇರುವ ಹಳೆಯ ಹಾಲ್ ನೋಡಲು ಸಪ್ಪೆಯಾದರೂ ಮಾತಿಗೆ ಒಳ್ಳೆಯದು.

ಆಮೇಲೆ ಟೇಬಲ್. ಅಡುಗೆಮನೆಯ ಬಾಗಿಲು, ಕೈತೊಳೆಯುವ ಬೇಸಿನ್, ಟಿವಿ, ಸ್ಪೀಕರ್, ಎಸಿಯ ಗಾಳಿ ನೇರ ತಲೆಗೆ ಬಡಿಯುವ ಜಾಗ, ಈ ಐದರ ಹತ್ತಿರ ಬೇಡ. ಕರೆಂಟು ಹೋದಾಗ ಜನರೇಟರ್ ಯಾವ ಗೋಡೆಯ ಆಚೆ ಗುಡುಗುತ್ತದೆ ಅಂತ ಕೇಳಿಟ್ಟುಕೊಳ್ಳಿ. ಮಲೆನಾಡಿನ ಜುಲೈಯಲ್ಲಿ ಈ ಪ್ರಶ್ನೆ ಅತಿಯೇನಲ್ಲ. ನಾಲ್ವರ ಟೇಬಲಿನಲ್ಲಿ ಎದುರುಬದುರು ಕೂತರೆ ನಡುವೆ ಮೂರು ಅಡಿ ದೂರ. ಮೂಲೆಯ ಟೇಬಲ್ ಹಿಡಿದು ಪಕ್ಕದ ಎರಡು ಬದಿಗಳಲ್ಲಿ, ಮೊಣಕೈ ತಾಗುವಷ್ಟು ಹತ್ತಿರ ಕೂತುಕೊಳ್ಳಿ. ಅವರ ಬೆನ್ನು ಗೋಡೆಗೆ ಇರಲಿ. ಹಿಂದೆ ಯಾರೂ ಓಡಾಡದಿದ್ದರೆ, ಎಲ್ಲರೂ ನೋಡುತ್ತಾರೆ ಅನ್ನುವ ಮುಜುಗರ ಇರುವವರಿಗೆ ಅರ್ಧ ಭಾರ ಇಳಿಯುತ್ತದೆ. ನೀವು ಬಾಗಿಲಿಗೂ ಟಿವಿಗೂ ಬೆನ್ನು ಹಾಕಿ, ನಿಮ್ಮ ಕಣ್ಣಿಗೆ ಅವರೊಬ್ಬರೇ ಕಾಣುವ ಹಾಗೆ ಕೂತುಕೊಳ್ಳಿ. ಪರದೆ ಹಾಕಿದ ‘ಫ್ಯಾಮಿಲಿ ರೂಮ್’ ಕೆಲವು ಕಡೆ ಸಿಗುತ್ತದೆ. ಅದರಲ್ಲಿ ಏಕಾಂತವಿದ್ದರೂ ಟ್ಯೂಬ್‌ಲೈಟು, ಮುಗ್ಗಲು ವಾಸನೆ, ಕರೆದರೆ ಯಾರೂ ಬಾರದಿರುವುದು ಎಲ್ಲ ಸೇರಿಕೊಂಡಿರುತ್ತದೆ. ಮೂಲೆಯ ಟೇಬಲ್ಲೇ ಮೇಲು. ಬೆಳಕು ಹಳದಿ ಛಾಯೆಯದಾಗಿರಲಿ. ನೆತ್ತಿಯ ಮೇಲಿನ ಬಿಳಿ ದೀಪ ಕಣ್ಣಿನ ಕೆಳಗೆ ನೆರಳು ಬೀಳಿಸಿ ಎಂಥವರನ್ನೂ ದಣಿದವರಂತೆ ತೋರಿಸುತ್ತದೆ.

ಎಲ್ಲ ಸರಿಯಿದ್ದರೆ ಮ್ಯಾನೇಜರ್ ಹತ್ತಿರ ಟೇಬಲ್ ತೋರಿಸಿ, ಅದೇ ಬೇಕು ಅಂತ ಬರೆಸಿ. ‘ಹುಟ್ಟುಹಬ್ಬ’ ಅನ್ನುವ ಮಾತು ಅವರ ಪುಸ್ತಕಕ್ಕೆ ಹೋಗುವುದೇ ಬೇಡ. ಹೋದರೆ ಒಳ್ಳೆಯ ಮನಸ್ಸಿನಿಂದಲೇ ಯಾರೋ ಒಬ್ಬರು ಹಾಡು ಹಾಕಿಬಿಡುತ್ತಾರೆ.

ಅವರು ಸಸ್ಯಾಹಾರಿ ಅಂದಿರಿ. ಅವತ್ತು ಒಂದು ದಿನ ಶುದ್ಧ ಸಸ್ಯಾಹಾರಿ ಹೋಟೆಲಿಗೇ ಹೋಗಿ. ಎರಡೂ ಮಾಡುವ ಕಡೆ ಗೋಬಿಯೂ ಕಬಾಬೂ ಒಂದೇ ಬಾಣಲೆಯ ಎಣ್ಣೆಯಲ್ಲಿ ಕರಿದಿರಬಹುದು. ‘ಎಣ್ಣೆ ಬೇರೆಯಾ, ತವಾ ಬೇರೆಯಾ?’ ಅಂತ ಕೇಳಿ ಉತ್ತರ ನಂಬುವ ಹಾಗಿದ್ದರೆ ಸರಿ. ಆದರೂ ಪ್ರತಿ ತುತ್ತಿಗೂ ಅನುಮಾನಪಟ್ಟು ತಿನ್ನುವ ಊಟ ಅವರ ನಲವತ್ತಕ್ಕೆ ಬೇಡ. ಇನ್ನೊಂದು, ಬೋರ್ಡಿನ ಮೇಲೆ ‘ಫ್ಯಾಮಿಲಿ ರೆಸ್ಟೋರೆಂಟ್’ ಅಂತಿದ್ದರೂ ಒಳಗೆ ಬಾರ್ ಇರುವುದುಂಟು. ಹಿಂದಿನ ವಾರದ ಭೇಟಿಯಲ್ಲಿ ಇದೂ ಗೊತ್ತಾಗುತ್ತದೆ.

ಊಟ ಹೇಳುವುದರಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎರಡು. ಒಂದು, ಸಂಭ್ರಮಕ್ಕೆ ಐದಾರು ಬಗೆ ಹೇಳಿ ಅರ್ಧ ಬಿಡುವುದು. ಇಬ್ಬರಿಗೆ ಒಂದು ಸೂಪನ್ನು ಎರಡಾಗಿ ಮಾಡಿಸಿ, ಒಂದು ಸ್ಟಾರ್ಟರ್, ಒಂದು ಗ್ರೇವಿ, ತಲಾ ಎರಡು ರೊಟ್ಟಿ, ಒಂದು ಪ್ಲೇಟ್ ಅನ್ನದ ಬಗೆ, ಕೊನೆಗೆ ಒಂದು ಸಿಹಿ. ಇಷ್ಟು ಸಾಕು, ಬೇಕಾದರೆ ಮತ್ತೆ ಹೇಳಬಹುದು. ಎರಡು, ಎಲ್ಲವನ್ನೂ ಒಟ್ಟಿಗೇ ಹೇಳುವುದು. ಅಡುಗೆಮನೆ ತನಗೆ ಯಾವುದು ಮೊದಲಾಯಿತೋ ಅದನ್ನು ಕಳಿಸುತ್ತದೆ. ಸೂಪ್ ಮುಗಿಯುವ ಮುಂಚೆ ರೊಟ್ಟಿ ಬಂದು ತಣ್ಣಗೆ ಚರ್ಮದಂತಾಗುತ್ತದೆ, ನಲವತ್ತೇ ನಿಮಿಷದಲ್ಲಿ ಬಿಲ್ಲು ಟೇಬಲಿಗೆ ಬಂದಿರುತ್ತದೆ. ಮೊದಲು ಸೂಪ್, ಸ್ಟಾರ್ಟರ್ ಮಾತ್ರ ಹೇಳಿ. ಅದರ ತಟ್ಟೆ ತೆಗೆದ ಮೇಲೆ ಗ್ರೇವಿ. ರೊಟ್ಟಿ ಒಂದೊಂದಾಗಿ ಬಿಸಿಯಾಗಿ ಬರಲಿ. ‘ನಮಗೆ ಅರ್ಜೆಂಟಿಲ್ಲ’ ಅನ್ನುವುದನ್ನು ಬಡಿಸುವವರಿಗೆ ಮೊದಲೇ ಹೇಳಿ. ಒಂದೂವರೆ ಗಂಟೆ ನೆಮ್ಮದಿಯಾಗಿ ಕೂರಬಹುದು.

ನಾಲ್ಕು ಸಾವಿರ ಧಾರಾಳವಾಯಿತು. ಸಾಮಾನ್ಯ ರೆಸ್ಟೋರೆಂಟಿನ ಬಿಲ್ಲಿಗೆ 5% ಜಿಎಸ್‌ಟಿ. ಕೋಣೆಯ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ಹೋಟೆಲಿನೊಳಗಿನ ರೆಸ್ಟೋರೆಂಟಾದರೆ 18%. ಸರ್ವಿಸ್ ಚಾರ್ಜ್ ಅಂತ ತಾವಾಗಿಯೇ ಸೇರಿಸಿದ್ದರೆ ತೆಗೆಸಬಹುದು. ಅದನ್ನು ಕಡ್ಡಾಯವಾಗಿ ಹಾಕಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಆದರೆ ಅದರ ವಾದ ಟೇಬಲಿನಲ್ಲಿ, ಅವರ ಎದುರಿಗೆ ಬೇಡ. ಮೊದಲ ಭೇಟಿಯಲ್ಲೇ ಕೇಳಿ ಮುಗಿಸಿ. ಬಲೂನು, ಗುಲಾಬಿ ದಳ ಚೆಲ್ಲುವ ‘ಪ್ಯಾಕೇಜ್’ ಖಂಡಿತ ಬೇಡ. ಆ ದುಡ್ಡಿನಲ್ಲಿ ಹೊರಡುವ ಮುಂಚೆ ಮನೆಯಲ್ಲೇ ಎರಡು ಮೊಳ ಮಲ್ಲಿಗೆ ಕೊಡಿ. ಹೂಗುಚ್ಛವನ್ನು ಹೋಟೆಲಿನಲ್ಲಿ ಕೊಟ್ಟರೆ ಇಡಲು ಜಾಗವಿಲ್ಲದೆ ನೀರಿನ ಲೋಟದ ಪಕ್ಕ ಒದ್ದೆಯಾಗುತ್ತ ಬಿದ್ದಿರುತ್ತದೆ. ಮುಡಿದ ಹೂ ಜೊತೆಗೇ ಬರುತ್ತದೆ.

ಪೂರ್ತಿ ಗುಟ್ಟೂ ಮಾಡಬೇಡಿ. ಯಾವ ಹೋಟೆಲು ಅನ್ನುವುದು ಗುಟ್ಟಾಗಿರಲಿ. ದಿನ, ಗಂಟೆ, ‘ಎಷ್ಟು ಹೊತ್ತಿಗೆ ಬರ್ತೀವಿ’ ಅನ್ನುವುದನ್ನು ನಾಲ್ಕು ದಿನ ಮೊದಲೇ ಹೇಳಿ. ಅಮ್ಮನ ರಾತ್ರಿ ಊಟ, ಮಗಳ ಹೋಂವರ್ಕ್, ಬೆಳಗಿನ ದೋಸೆ ಹಿಟ್ಟು, ಇವುಗಳ ವ್ಯವಸ್ಥೆಯಾಗದೆ ಹೊರಟ ಹೆಂಗಸಿನ ಮನಸ್ಸು ಅರ್ಧ ಅಡುಗೆಮನೆಯಲ್ಲೇ ಉಳಿದಿರುತ್ತದೆ. ಆ ವ್ಯವಸ್ಥೆಯನ್ನು ನೀವೇ ಮಾಡಿ. ಮಾಡಿದ್ದೀನಿ ಅಂತ ಹೇಳಿ ಕೂಡ.

ತೀರ್ಥಹಳ್ಳಿ ಕಡೆಯ ಹೋಂಸ್ಟೇ ನಿಮಗೆ ತುಂಬ ಮನಸ್ಸಿಗೆ ಬಂದಿದ್ದರೆ ಅದನ್ನು ರಾತ್ರಿಗಲ್ಲ, ಇನ್ನೊಂದು ದಿನದ ಮಧ್ಯಾಹ್ನದ ಊಟಕ್ಕೆ ಇಟ್ಟುಕೊಳ್ಳಿ. ಸುಮಾರು 60 ಕಿಲೋಮೀಟರ್. ಅರ್ಧ ದಾರಿಯಲ್ಲಿ ಮಂಡಗದ್ದೆ ಸಿಗುತ್ತದೆ, ಈ ದಿನಗಳಲ್ಲಿ ಹೊಳೆ ನಡುವಿನ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ಮಳೆಗಾಲದ ಊಟ ಅಂದರೆ ಪತ್ರೊಡೆ, ಕಳಲೆ (ಎಳೆ ಬಿದಿರು) ಪಲ್ಯ, ಅಪ್ಪೆಮಿಡಿ ಇರಬೇಕು. ಆದರೆ ಕಳಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತ ಮೂರು ದಿನ ನೆನೆಸದಿದ್ದರೆ ಅದರ ಕಹಿ, ವಿಷದ ಅಂಶ ಹೋಗುವುದಿಲ್ಲ. ಹಿಂದಿನ ರಾತ್ರಿ ಫೋನ್ ಮಾಡಿ ‘ನಾಳೆ ಕಳಲೆ ಮಾಡಿ’ ಅಂದರೆ ಆಗುವ ಕೆಲಸವಲ್ಲ. ನಾಲ್ಕೈದು ದಿನ ಮುಂಚೆ ತಿಳಿಸಿ.

ಇನ್ನು ಅಮ್ಮ. ‘ಆಫೀಸ್ ಕೆಲಸ’ ಅಂತ ಸುಳ್ಳು ಹೇಳಿ ಹೆಂಡತಿಯನ್ನು ಹೊರಗೆ ಕರೆದೊಯ್ಯಬೇಡಿ. ಗೊತ್ತಾದ ದಿನ ಬೇಜಾರು ಬರುವುದು ನಿಮ್ಮ ಮೇಲಲ್ಲ, ಸೊಸೆಯ ಮೇಲೆ. ಭಾನುವಾರ ಮಧ್ಯಾಹ್ನದ ಊಟ ಎಲ್ಲರದೂ ಆಗಲಿ. ಹೋಳಿಗೆ, ಕೋಸಂಬರಿ, ಪಾಯಸ ಏನೇ ಇರಲಿ, ಅವತ್ತು ಒಲೆಯ ಮುಂದೆ ನಿಲ್ಲುವುದು ಹುಟ್ಟುಹಬ್ಬದವರಾಗಬಾರದು. ಹೊರಗಿನಿಂದ ತರಿಸಿ, ಇಲ್ಲ ನೀವೇ ಮಾಡಿ. ಕೇಕ್ ಕತ್ತರಿಸುವುದೂ ಆಗಲೇ, ಮಗಳ ಕೈಯಲ್ಲಿ ಕ್ಯಾಂಡಲ್ ಹಚ್ಚಿಸಿ. ನಾಲ್ವರಿಗೆ ಅರ್ಧ ಕೆಜಿ ಸಾಕು, ಮೊಟ್ಟೆ ಬೇಡವಾದರೆ ಹಿಂದಿನ ದಿನವೇ ಹೇಳಿಡಿ. ಅವತ್ತೇ ಅಮ್ಮನ ಹತ್ತಿರ ನೇರವಾಗಿ ಹೇಳಿ: ‘ಮಂಗಳವಾರ ಸಂಜೆ ನಾವಿಬ್ಬರೇ ಹೊರಗೆ ಊಟಕ್ಕೆ ಹೋಗ್ತೀವಿ ಅಮ್ಮ, ನೀವು ಮೊಮ್ಮಗಳನ್ನ ನೋಡ್ಕೊಳ್ಳಿ. ಒಂಬತ್ತೂವರೆಗೆ ಮನೇಲಿರ್ತೀವಿ.’ ಅನುಮತಿ ಕೇಳುವ ದನಿಯೂ ಬೇಡ, ಹೆಂಡತಿಯ ಹೆಸರನ್ನು ಮುಂದೆ ಮಾಡುವುದೂ ಬೇಡ. ಇದು ನಿಮ್ಮ ಆಸೆ ಅಂತಲೇ ಅಮ್ಮನಿಗೆ ಗೊತ್ತಾಗಲಿ. ಒಂದು ದಿನ ಅವರ ಮುಖ ಸಪ್ಪಗಾದರೂ ಮಾತು ಬದಲಿಸಬೇಡಿ.